ಮಂಗೇಶನ ಗೆಲಾಕ್ಸಿ ಮತ್ತು ಕಣ್ಣಿನ ಪಾಲು

ಬಿಣಗಾದ ಮಂಗೇಶ ಗೆಲಾಕ್ಸಿಯೊಂದನ್ನು ಕಂಡಿದ್ದಾನೆ ಎಂಬ ಸುದ್ದಿಯನ್ನು ಊರೆಲ್ಲ ಹಬ್ಬಿಸಿದವನು ಸ್ವತಃ ಮಂಗೇಶನೇ. ಬೇರೆ ಯಾರಾದರೂ ಹಬ್ಬಿಸಿದ್ದರೆ ಜನ ನಂಬುತ್ತಿದ್ದರೋ ಏನೋ. ಕಾರವಾರದ ದೂರವಾಣಿ ಕಚೇರಿಯಲ್ಲಿ ದೂರು ಕೇಳುವ ಮೇಜಿನ ಹಿಂದೆ ಕೂರುವ, ನಲವತ್ತು ದಾಟಿದ ಬ್ರಹ್ಮಚಾರಿಯೊಬ್ಬ ಚಹಾ ಕುಡಿಯುತ್ತ ಕುಡಿಯುತ್ತ, "ನಿನ್ನೆ ಸಂಜೆ ದೇವಯಾನಿ ಗೆಲಾಕ್ಸಿ ಕಂಡ್ತು" ಅಂದರೆ, ಕೇಳಿದವರು ಅವನ ಮುಖವನ್ನು ಒಮ್ಮೆ, ಲೋಟವನ್ನು ಒಮ್ಮೆ ನೋಡುವುದು ಸಹಜವೇ.

ಇದು ಎರಡು ಸಾವಿರದ ನಾಲ್ಕನೆಯ ಇಸವಿಯ ಮಾತು. ಅದಕ್ಕೂ ಹಿಂದೆ ಆ ಮೇಜಿನ ಮೇಲಿನ ಫೋನು ಮಂಗೇಶನಿಗೆ ಬುತ್ತಿ ಬಿಚ್ಚಲೂ ಬಿಡುತ್ತಿರಲಿಲ್ಲ. ಸದಾಶಿವಗಡದವರು ಲೈನಿನಲ್ಲಿ ಗೊರಗೊರ ಅನ್ನುತ್ತದೆ ಎಂದು ಬೈಯುತ್ತಿದ್ದರು, ಅಂಕೋಲೆಯವರು ಗೊರಗೊರವೂ ಇಲ್ಲ ಎಂದು ಬೈಯುತ್ತಿದ್ದರು. ಬೈಯುವುದಕ್ಕಾದರೂ ದಿನಕ್ಕೆ ನೂರು ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಮೊಬೈಲು ಬಂತು. ಜನ ಮನೆಯ ಫೋನನ್ನು ತಂದು ಇಲಾಖೆಗೇ ಒಪ್ಪಿಸಿ ಹೋದರು. ಬೈಯುವವರೂ ಇಲ್ಲದಂತಾದ ಮೇಲೆ ಮಂಗೇಶ ತಾನಿದ್ದ ಕಾಲೋನಿಯ ತಾರಸಿ ಹತ್ತಿ ಆಕಾಶ ನೋಡತೊಡಗಿದ. ಇದನ್ನು ಕೆಲವರು ಹವ್ಯಾಸ ಎಂದರು. ನನ್ನನ್ನು ಕೇಳಿದರೆ, ಮನುಷ್ಯನಿಗೆ ಮಾತಾಡಲು ಯಾರೂ ಸಿಗದಿದ್ದಾಗ ಅವನು ಎತ್ತ ಬೇಕಾದರೂ ನೋಡುತ್ತಾನೆ.

ಅಪರಾಧ ಅವನು ನೋಡಿದ್ದಲ್ಲ, ಬೇರೆಯವರನ್ನೂ ಕರೆದು ತೋರಿಸಿದ್ದು. ಮೇಲಿನ ಮನೆಯವರು, ಕೆಳಗಿನ ಮನೆಯವರು, ಹಾಲಿನವನು, ಎಲ್ಲರ ಕಣ್ಣಿಗೂ ಅವನು ತನ್ನ ದುರ್ಬೀನು ಒತ್ತಿದ. "ಅಗೋ, ಮಬ್ಬಾಗಿ, ಹತ್ತಿ ಉಂಡೆ ಹಾಗೆ, ಕಂಡ್ತಾ?" ಎಲ್ಲರೂ ಒಂದೇ ಉತ್ತರ ಕೊಟ್ಟರು. "ಎಂತದೂ ಇಲ್ಲ ಮಾರಾಯಾ." ಹಾಲಿನವನೊಬ್ಬ ಮಾತ್ರ ಕಂಡಿತು ಎಂದ, ಆದರೆ ಆಗ ದುರ್ಬೀನಿನ ಮುಚ್ಚಳ ತೆಗೆದಿರಲಿಲ್ಲ. ಮಂಗೇಶನಿಗೆ ಬೇಕಾಗಿದ್ದುದು ದೊಡ್ಡದೇನೂ ಅಲ್ಲ. ಜಗತ್ತಿನಲ್ಲಿ ಒಬ್ಬರಾದರೂ ಅವನ ಪಕ್ಕ ನಿಂತು "ಹೌದು, ಇದೆ" ಅನ್ನಬೇಕಿತ್ತು. ಫೋಟೊ ಹೊಡೆದರೆ ಆ ಗೆಲಾಕ್ಸಿಯ ಸುರುಳಿಯೇ ಕಾಣುತ್ತದೆ, ಆಮೇಲೆ ಯಾರು ಇಲ್ಲ ಅನ್ನುತ್ತಾರೆ ನೋಡೋಣ ಎಂದು ಹಟ ಹಿಡಿದ.

ಹಳೆಯ ರೀಲಿನ ಕ್ಯಾಮರಾ, ಅದಕ್ಕೊಂದು ಉದ್ದನೆಯ ಲೆನ್ಸು. ಅದರ ಕೆಳಗೆ ಎರಡು ಹಲಗೆ, ಹಲಗೆಗಳ ನಡುವೆ ಬಾಗಿಲಿನ ಕೀಲು, ಒಂದು ತಿರುಪು. ಭೂಮಿ ತಿರುಗುತ್ತದಲ್ಲ, ಅದಕ್ಕೆ ಸರಿಯಾಗಿ ತಿರುಪನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ ಕೂತರೆ ಕ್ಯಾಮರಾ ಆಕಾಶದ ಜೊತೆಗೇ ಚಲಿಸುತ್ತದೆ. ಕೈ ನಿಲ್ಲಿಸಿದರೆ ನಕ್ಷತ್ರಗಳೆಲ್ಲ ಗೀಟುಗಳಾಗುತ್ತವೆ. ಹೀಗೆ ತಾರಸಿಯಲ್ಲಿ ಕೂತು ಒಂದು ರೀಲು ಮುಗಿಸಿ ಕಾರವಾರದ ಸ್ಟುಡಿಯೋ ಭರತನಿಗೆ ಕೊಟ್ಟ. ಭರತ ಮದುವೆ ಫೋಟೊಗಳಿಗೆ ಪ್ರಸಿದ್ಧ. ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದ.

"ಅರೇ ಮಂಗೇಶಣ್ಣಾ, ಕಿತ್ತಳೆ ಹಣ್ಣಿನ ಫೋಟೊ ಹೊಡೂಕೆ ಇಷ್ಟು ರೀಲು ಯಾಕೆ ಬೇಕು?"

ಅವನ ತಪ್ಪಲ್ಲ. ಬಿಣಗಾದಲ್ಲಿ ಕಾರ್ಖಾನೆಯ ದೀಪ, ಹೆದ್ದಾರಿಯ ದೀಪ, ಲಾರಿಗಳ ದೀಪ ಎಲ್ಲ ಸೇರಿ ಆಕಾಶವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸಿಬಿಟ್ಟಿದ್ದವು. ಗೆಲಾಕ್ಸಿ ಬೇಕಾದರೆ ಕತ್ತಲೆ ಬೇಕು. ಮಂಗೇಶ ಸ್ಕೂಟರಿನ ಹಿಂದೆ ಹಲಗೆ ಕಟ್ಟಿಕೊಂಡು ಕತ್ತಲೆ ಹುಡುಕಲು ಹೊರಟ.

ಅದು ಸಿಕ್ಕಿದ್ದು ಅವರ್ಸಾದ ಹತ್ತಿರ, ಹಾರವಾಡದ ಸಮುದ್ರದಂಡೆಯ ಒಂದು ಸಣ್ಣ ಗುಡ್ಡದ ಮೇಲೆ. ಮೇಲೆ ಚಪ್ಪಟೆ ಕಲ್ಲು, ಮುಂದೆ ಸಮುದ್ರ, ಕೆಳಗೆ ಮೀನುಗಾರರ ಕೇರಿ, ಅಲ್ಲಲ್ಲಿ ಒಂದೊಂದು ಬಡಕಲು ಬಲ್ಬು. ಡಿಸೆಂಬರಿನ ಸಂಜೆ, ಸೂರ್ಯ ಆಗಷ್ಟೇ ಮುಳುಗಿದ್ದ. ಇಂಥ ಜಾಗ ಇಷ್ಟು ದಿನ ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಎಂದು ಹಿಗ್ಗಿದ ಮಂಗೇಶ, ಉಪ್ಪುಗಾಳಿ ತಾಗದಂತೆ ಕ್ಯಾಮರಾಕ್ಕೆ ಸುತ್ತಿದ್ದ ಬಿಳಿ ಪಂಚೆಯನ್ನು ಬಿಚ್ಚಿ ಕಲ್ಲಿನ ಮೇಲೆ ಹಾಸಿ ಕೂತ. ಕೂತದ್ದು ಕೆಂಪಿರುವೆಯ ಗೂಡಿನ ಮೇಲೆ.

ಮುಂದಿನದನ್ನು ಅವನು ಯೋಚಿಸಿ ಮಾಡಲಿಲ್ಲ. ಯಾರೂ ಯೋಚಿಸಿ ಮಾಡುವ ಸಂಗತಿ ಅದಲ್ಲ. ಎದ್ದ, ಹಾರಿದ, ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆತ್ತಿ ಪಟಪಟ ಬೀಸಿದ, ಮತ್ತೆ ಹಾರಿದ.

ಆ ಗುಡ್ಡ ಯಾರ ಕಣ್ಣಿಗೂ ಬೀಳದ ಜಾಗವಲ್ಲ, ಊರಿನ ಕಣ್ಣೇ ಅದು ಎಂಬುದು ಅವನಿಗೆ ಹೇಗೆ ತಿಳಿಯಬೇಕು? ಊರೆಲ್ಲ ಸೇರಿ ದಂಡೆಯಿಂದ ಎಳೆಯುವ ರಂಪಣಿ ಬಲೆಯ ಕಾಲದಿಂದ ಅಲ್ಲೊಬ್ಬ ಕಣ್ಣಿನವನು ಕೂರುತ್ತಿದ್ದ. ಬಂಗಡೆ ಮೀನಿನ ಹಿಂಡು ದಂಡೆಯ ಹತ್ತಿರ ಬಂದರೆ ನೀರಿನ ಬಣ್ಣ ಬದಲಾಗುತ್ತದೆ, ಎತ್ತರದಿಂದ ಮಾತ್ರ ಅದು ಕಾಣುತ್ತದೆ. ಕಂಡ ಕೂಡಲೇ ಅವನು ಎದ್ದು ಬಿಳಿ ಬಟ್ಟೆ ಬೀಸಬೇಕು. ಬಟ್ಟೆ ಬೀಸಿದರೆ ಊರು ಪ್ರಶ್ನೆ ಕೇಳಬಾರದು, ಬಲೆ ಎತ್ತಿ ಓಡಬೇಕು. ಬಲೆ ದಂಡೆಗೆ ಬರುವತನಕ ಅವನು ಗುಡ್ಡ ಇಳಿಯಬಾರದು. ಗುಡ್ಡದ ಮೇಲಿದ್ದಾಗ ಅವನ ಹತ್ತಿರ ಹೋಗಿ ಯಾರೂ ಮಾತಾಡಬಾರದು, ಮಾತಾಡಿದರೆ ಕಣ್ಣು ಚದುರುತ್ತದೆ. ಮೀನು ಬಂದರೆ ಮೊದಲ ಬುಟ್ಟಿ ಅವನದು. ಅದಕ್ಕೆ ಕಣ್ಣಿನ ಪಾಲು ಎಂದು ಹೆಸರು.

ಕೇರಿಯಲ್ಲಿ ಯಾರೋ ಒಬ್ಬರು ಕೂಗಿದರು. ಆಮೇಲೆ ಎಲ್ಲರೂ ಕೂಗಿದರು. ಊಟಕ್ಕೆ ಕೂತವರು ಎದ್ದರು, ಒಲೆಯ ಮುಂದಿದ್ದವರು ಎದ್ದರು, ಜ್ವರ ಎಂದು ಮಲಗಿದವರೂ ಎದ್ದರು. ಟ್ರಾಲರುಗಳು ಬಂದ ಮೇಲೆ ದಂಡೆಗೆ ಮೀನು ಬರುವುದು ನಿಂತು ವರ್ಷಗಳಾಗಿದ್ದವು. ಮಡಚಿಟ್ಟ ರಂಪಣಿ ಬಲೆಯಲ್ಲಿ ಬೆಕ್ಕು ಮರಿ ಹಾಕಿತ್ತು. ಮರಿಗಳನ್ನು ಬುಟ್ಟಿಗೆ ಹಾಕಿ ಬಲೆಯನ್ನು ದೋಣಿಗೆ ಹಾಕಿದರು.

"ಯಾವ ಬದಿಗೆ?" ಎಂದು ದೋಣಿಯಲ್ಲಿದ್ದ ಬೀರಾ ಕೂಗಿದ. ಅವನು ಪಂಚಾಯ್ತಿ ಮೆಂಬರು. ಅಷ್ಟರಲ್ಲಿ ಮಂಗೇಶನ ಎಡತೊಡೆಗೆ ಒಂದು ಇರುವೆ ಕಚ್ಚಿತು. ಅವನು ಪಂಚೆಯನ್ನು ಎಡಕ್ಕೆ ಬೀಸಿದ. ದೋಣಿ ಎಡಕ್ಕೆ ತಿರುಗಿತು.

ದಂಡೆಯಲ್ಲಿ ಪೆಟ್ರೋಮ್ಯಾಕ್ಸುಗಳು ಹೊತ್ತಿಕೊಂಡವು. ಎರಡು ಸಾಲಿನಲ್ಲಿ ನಿಂತು ಜನ ಹಗ್ಗ ಎಳೆಯತೊಡಗಿದರು. ಕತ್ತಲೆ ಹುಡುಕಿ ಬಂದ ಮಂಗೇಶ ಕೆಳಗಿನ ಆ ಬೆಳಕನ್ನು ನೋಡಿ, ಇಲ್ಲಿ ದಿನವೂ ಹೀಗೆಯೇ ಇರಬೇಕು, ಸ್ವಲ್ಪ ಹೊತ್ತಿಗೆ ಆರಿಸುತ್ತಾರೆ ಎಂದುಕೊಂಡು ಹಲಗೆ ನಿಲ್ಲಿಸಿ ಕ್ಯಾಮರಾ ಕೂರಿಸತೊಡಗಿದ. ಅಷ್ಟರಲ್ಲಿ ಬಲೆ ದಂಡೆಗೆ ಬಂತು. ಅದರಲ್ಲಿ ಬಂಗಡೆ ಇತ್ತು. ಹಳೆಯ ಕಾಲದಷ್ಟು ಅಲ್ಲ, ಆದರೂ ಎಂಟು ಹತ್ತು ಬುಟ್ಟಿ. ಹೇಗೆ ಬಂತು ಎಂದು ನನ್ನನ್ನು ಕೇಳಬೇಡಿ. ಸಮುದ್ರಕ್ಕೂ ಒಮ್ಮೊಮ್ಮೆ ತಮಾಷೆ ಮಾಡಬೇಕು ಅನ್ನಿಸುತ್ತದೆ.

ಇಡೀ ಕೇರಿ ಗುಡ್ಡದ ಬುಡಕ್ಕೆ ಬಂದು ನಿಂತಿತು. ಮೇಲೆ ಪ್ಯಾಂಟು ಹಾಕಿದ ಅಪರಿಚಿತ, ಅವನ ಪಕ್ಕ ಹಲಗೆಯ ಯಂತ್ರ, ಅದರ ಮೇಲೆ ಉದ್ದನೆಯ ಲೆನ್ಸು. ಬೀರಾ ಕೈ ಮುಗಿದ.

"ಸಾಹೇಬ್ರೆ, ಇದು ಮೀನು ನೋಡೂ ಮಶೀನಾ?"

ಅಲ್ಲ ಎಂದು ಹೇಳಲು ಒಂದೇ ಒಂದು ಶಬ್ದ ಸಾಕಿತ್ತು. ಆದರೆ ನೂರೈವತ್ತು ಜನ ಒಟ್ಟಿಗೆ ತನ್ನ ಮುಖ ನೋಡಿ ನಗುವುದನ್ನು ಮಂಗೇಶ ಜೀವನದಲ್ಲಿ ಮೊದಲ ಸಲ ಕಂಡಿದ್ದ. "ಅದು... ದೂರದ್ದು ನೋಡೂಕೆ," ಅಂದ. ಅದು ಸುಳ್ಳೂ ಅಲ್ಲ.

ಚಂಪಾ ಎಂಬ ಗಟ್ಟಿ ದನಿಯ ಹೆಂಗಸು ಮೊದಲ ಬುಟ್ಟಿಯನ್ನು ತಂದು ಅವನ ಮುಂದೆ ಇಟ್ಟಳು. ಇಡುವಾಗ ಯಾಕೋ ಮುಖ ತಿರುಗಿಸಿದಳು. "ಕಣ್ಣಿನ ಪಾಲು. ತಕಳಿ," ಅಂದಳು.

ಒಂದು ಬುಟ್ಟಿ ಬಂಗಡೆಯನ್ನು ಒಂಟಿ ಮನುಷ್ಯ ಏನು ಮಾಡಬೇಕು? ಸ್ಕೂಟರಿನ ಮುಂದೆ ಇಟ್ಟುಕೊಂಡು ಬಿಣಗಾಕ್ಕೆ ತಂದು ಕಾಲೋನಿಯ ಒಂದೊಂದೇ ಬಾಗಿಲು ತಟ್ಟಿ ಹಂಚಿದ. ಗೆಲಾಕ್ಸಿ ತೋರಿಸುತ್ತೇನೆ ಎಂದಾಗ ಬೆಳಗ್ಗೆ ಬೇಗ ಏಳಬೇಕು ಎಂದಿದ್ದವರೆಲ್ಲ ಈಗ ಬಾಗಿಲು ಪೂರ್ತಿ ತೆರೆದರು. ಒಳಗೆ ಬಾ ಅಂದರು, ಕೂರು ಅಂದರು, ಮತ್ತೆ ಯಾವಾಗ ತರ್ತೆ ಅಂದರು. ಮಸಾಲೆ ಅರೆಯುವ ಸದ್ದು ಎಲ್ಲ ಮನೆಯಿಂದಲೂ ಕೇಳುತ್ತಿತ್ತು. ಊಟಕ್ಕೆ ನಿಲ್ಲು ಎಂದು ಹೇಳಲು ಮಾತ್ರ ಎಲ್ಲರೂ ಮರೆತರು. ಮಂಗೇಶ ತನ್ನ ಕೋಣೆಗೆ ಬಂದು ಅವಲಕ್ಕಿ ಮೊಸರು ತಿಂದು ಮಲಗಿದ.

ನಾಲ್ಕೇ ದಿನದಲ್ಲಿ ಹಣಕೋಣದಿಂದ ಅಕ್ಕ ರಂಜನಾ ಬಂದಿಳಿದಳು. ಬರುವಾಗಲೇ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದಳು.

"ಫೋನಿನ ಆಫೀಸು ಮುಚ್ಚಿದ್ರೆ ಹೇಳೂದಲ್ವೇನಾ ತಮಾ? ಸ್ಕೂಟರ್ ಮೇಲೆ ಮೀನು ಮಾರ್ತೆ ಅಂತ ಊರಿಡೀ ಹೇಳ್ತದೆ."

"ಮಾರೂದಿಲ್ಲ ಅಕ್ಕಾ, ಹಂಚಿದ್ದು."

"ಹಂಚೂದಾ?" ರಂಜನಾಳ ಅಳು ನಿಂತಿತು. ಮಾರಿದರೆ ಬರೀ ಬಡತನ, ಹಂಚಿದರೆ ತಲೆ ಕೆಟ್ಟಿದೆ ಎಂದೇ ಅರ್ಥ. "ದಿನಾ ಸಂಜೆ ಹಾರವಾಡಕ್ಕೆ ಹೋಗ್ತೆ ಅಂತೆ. ಅಲ್ಲಿ ಯಾರಿದ್ರೆ? ಹೆಂಗಸಾ? ಇದ್ರೆ ಹೇಳು, ನಾನು ಬೇಡ ಅನ್ನೂದಿಲ್ಲ. ಯಾವ ಜಾತಿ ಆದ್ರೂ ಅಡ್ಡಿ ಇಲ್ಲ. ಈ ವಯಸ್ಸಲ್ಲಿ ಜಾತಿ ಎಂತಾ ನೋಡೂದು."

"ಗೆಲಾಕ್ಸಿ ನೋಡೂಕೆ ಹೋಗ್ತೆ. ಬೆಳಕು ಅಲ್ಲಿಂದ ಹೊರಟು ಇಲ್ಲಿಗೆ ಬರೂಕೆ ಇಪ್ಪತ್ತೈದು ಲಕ್ಷ ವರ್ಷ ಬೇಕು."

ರಂಜನಾ ತಮ್ಮನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಇದ್ದಿದ್ದರೆ ಸಮಾಧಾನವಾಗುತ್ತಿತ್ತು. ಊಟಕ್ಕೆಂದು ಒಂದು ಡಬ್ಬಿ ಮುರುಗಲ ಹಣ್ಣಿನ ಸೋಲ್‌ಕಡಿ ಇಟ್ಟು, ಸಂಜೆಯ ಬಸ್ಸಿಗೆ ಹೊರಟುಹೋದಳು.

ಈ ನಡುವೆ ಹಾರವಾಡದ ಗುಡ್ಡದಲ್ಲಿ ಮಂಗೇಶನಿಗಾಗಿ ಒಂದು ಪ್ಲಾಸ್ಟಿಕ್ ಕುರ್ಚಿ ಬಂದಿತ್ತು, ಒಂದು ಎಳನೀರು ಬಂದಿತ್ತು. ಅವನು ಬಂದು ಕೂತರೆ ಕೆಳಗೆ ನಲವತ್ತು ಜನ ಬಂದು ಕೂರುತ್ತಿದ್ದರು. ಜೊತೆ ಸಿಕ್ಕಿತು ಎಂದು ಅವನು ಮೊದಲ ದಿನ ಬಹಳ ಸಂತೋಷಪಟ್ಟ. "ಮೇಲೆ ಬನ್ನಿ, ತೋರಿಸ್ತೆ," ಎಂದು ಕರೆದ. ನಲವತ್ತು ಜನವೂ ಬೆರಳನ್ನು ತುಟಿಯ ಮೇಲಿಟ್ಟು ತಲೆಯಾಡಿಸಿದರು. ಕಣ್ಣಿನವನ ಹತ್ತಿರ ಮಾತಾಡುವ ಹಾಗಿಲ್ಲ. ಒಬ್ಬಳು ಕೆಮ್ಮಿದ್ದಕ್ಕೆ ಅವಳನ್ನು ಮನೆಗೆ ಕಳಿಸಿದರು. ತಾರಸಿಯಲ್ಲಿ ಒಬ್ಬನೇ ಇದ್ದಾಗ ಮಂಗೇಶನಿಗೆ ಇಷ್ಟು ಒಂಟಿ ಅನ್ನಿಸಿರಲಿಲ್ಲ. ನಲವತ್ತು ಜನ ಬಾಯಿ ಮುಚ್ಚಿ ತನ್ನನ್ನೇ ನೋಡುತ್ತಿರುವಾಗ ಅನ್ನಿಸಿತು.

ಕೈಯನ್ನೂ ಎತ್ತುವಂತಿರಲಿಲ್ಲ. ಎರಡನೆಯ ಸಂಜೆ ಕಿವಿಯ ಹತ್ತಿರ ಸೊಳ್ಳೆ ಬಂತೆಂದು ಕೈ ಬೀಸಿದ. ಅಷ್ಟೇ. ಕೂಗು, ಓಟ, ದೋಣಿ, ಹಗ್ಗ, ಪೆಟ್ರೋಮ್ಯಾಕ್ಸು. ಬಲೆಯಲ್ಲಿ ಒಂದು ಟಯರು, ಮೂರು ಚಪ್ಪಲಿ, ಲೋಳೆ ಮೀನುಗಳು ಬಂದವು. ಕೇರಿಯವರು ತಲೆ ಕೆಳಗೆ ಹಾಕಿಕೊಂಡು ನಿಂತರು. ಯಾರೂ ಬೈಯಲಿಲ್ಲ. ಬೈದಿದ್ದರೆ ಮಂಗೇಶ ದೂರು ಬರೆದುಕೊಳ್ಳುವವನ ಅಭ್ಯಾಸಬಲದಿಂದ ಸುಧಾರಿಸಿಕೊಳ್ಳುತ್ತಿದ್ದ. ಬೀರಾ ದೀರ್ಘವಾಗಿ ಯೋಚಿಸಿ ಕಾರಣ ಕಂಡುಹಿಡಿದ.

"ಸಾಹೇಬ್ರ ತಪ್ಪಲ್ಲ. ಇಷ್ಟು ಕತ್ತಲೆಲಿ ಯಾರಿಗೆ ಎಂತಾ ಕಾಣ್ತದೆ? ಗುಡ್ಡಕ್ಕೊಂದು ಲೈಟು ಬೇಕು."

"ಬೇಡ!" ಎಂದು ಮಂಗೇಶ ಮೇಲಿನಿಂದ ಚೀರಿದ.

"ನೋಡಿ, ಎಷ್ಟು ಸಂಕೋಚದ ಮನುಷ್ಯ," ಎಂದು ಬೀರಾ ಕಣ್ಣೊರಸಿಕೊಂಡ.

ನಮ್ಮಲ್ಲಿ ಆಸ್ಪತ್ರೆಯ ದಾರಿಗೆ ದೀಪ ಬೇಕೆಂದರೆ ಒಂದು ತಲೆಮಾರು ಕಾಯಬೇಕು. ಬೇಡ ಎಂದು ಬಾಯಿ ಬಡಿದುಕೊಂಡರೆ ವಾರದೊಳಗೆ ಕಂಬ ಬರುತ್ತದೆ. ಕಂಬ ಬಂತು.

ಕಂಬ ನೆಟ್ಟ ಮಾರನೆಯ ಸಂಜೆ, ಮಬ್ಬುಗತ್ತಲಲ್ಲಿ, ಯಾರೋ ಕೋಲೂರಿಕೊಂಡು ಗುಡ್ಡ ಹತ್ತಿ ಬಂದರು. ಕೆಳಗಿನ ನಲವತ್ತು ಜನ "ಹೋಗ್ಬೇಡ, ಹೋಗ್ಬೇಡ" ಎಂದು ಕೈ ಸನ್ನೆ ಮಾಡುತ್ತಿದ್ದರೂ ಬಂದರು. ಬಂದವನು ದುರ್ಗಪ್ಪ, ಚಂಪಾಳ ಮಾವ. ಎರಡೂ ಕಣ್ಣಿಗೆ ಪೊರೆ ಬಂದ ಮುದುಕ.

"ನನ್ನ ಪಾಲು ತಿಂದವ ನೀನೇಯಾ?" ಎಂದು ಅವನು ಕುರ್ಚಿಯನ್ನು ಕೇಳಿದ. ಮಂಗೇಶ ಅದರ ಪಕ್ಕದಲ್ಲಿ ನಿಂತಿದ್ದ.

"ನಾನು ಇಲ್ಲಿ... ನಿಮ್ಮ ಪಾಲಾ?"

"ಈ ಕಲ್ಲ ಮೇಲೆ ಮೂವತ್ತು ವರ್ಷ ಕೂತೆ. ನಾ ಬಟ್ಟೆ ಬೀಸಿದ್ರೆ ಊರು ಓಡ್ತಿತ್ತು. ಹೋದ ವರ್ಷದ ಹಿಂದಿನ ವರ್ಷ ಮೋಡದ ನೆರಳು ನೋಡಿ ಮೀನು ಅಂತ ಬೀಸಿದೆ. ಬಲೆಲಿ ಒಂದು ಏಡಿನೂ ಇಲ್ಲ. ಆ ಮೇಲೆ ನಾ ಇಲ್ಲಿ ಕುಣಿದ್ರೂ ಯಾರೂ ಕತ್ತು ತಿರುಗ್ಸೂದಿಲ್ಲ. ಸೊಸೆ ನನ್ನ ಬಟ್ಟೆನೇ ಅಡಗ್ಸಿಟ್ಟಿದೆ." ಮುದುಕ ಕೋಲನ್ನು ಕಲ್ಲಿಗೆ ಕುಟ್ಟಿದ. "ಈಗ ಹೇಳು. ನೀ ಬೀಸಿದ ದಿನ ಆ ಬದಿಗೆ ಹಿಂಡು ಬರೂ ನೀರೇ ಇರ್ಲಿಲ್ಲ. ನೀ ಎಂತಾ ನೋಡಿ ಬೀಸಿದೆ?"

ಮಂಗೇಶ ಇರುವೆಯ ವಿಷಯ ಹೇಳಿದ. ಹೇಳಿದ ಮೇಲೆ ನಿರಾಳವಾಯಿತು, ಉಳಿದದ್ದೂ ಹೊರಬಂತು. ತಾರಸಿ, ಕಿತ್ತಳೆ, ಹಾಲಿನವನು, ದೇವಯಾನಿ ಗೆಲಾಕ್ಸಿ, ಇಪ್ಪತ್ತೈದು ಲಕ್ಷ ವರ್ಷ. ದುರ್ಗಪ್ಪ ಕೇಳುತ್ತ ಕುರ್ಚಿಯಲ್ಲಿ ಕೂತ.

"ಫೋಟೊ ಹೊಡ್ದು ಯಾರಿಗೆ ತೋರ್ಸೂಕೆ?"

ಮಂಗೇಶ ಬೆರಳು ಮಡಚಿ ಎಣಿಸಲು ಹೊರಟ. ಒಂದೂ ಹೆಸರು ಹೊಳೆಯಲಿಲ್ಲ. ಅಕ್ಕನ ಹೆಸರು ಹೇಳೋಣವೆಂದರೆ ಅವಳು ಮತ್ತೆ ಹಣೆ ಮುಟ್ಟುತ್ತಾಳೆ. ಕ್ಯಾಮರಾದ ಪಂಚೆಯಿಂದ ಕಣ್ಣೊರಸಿಕೊಂಡ, ನಾಚಿಕೆಯೂ ಆಯಿತು. ಮುದುಕನಿಗೆ ಕಣ್ಣು ಕಾಣದಿದ್ದುದು ಒಳ್ಳೆಯದೇ ಆಯಿತು.

"ಊರಿಗೆ ಹೇಳ್ಬೇಡ," ಎಂದು ದುರ್ಗಪ್ಪ ಎದ್ದ. "ಇರುವೆ ಅಂತ ಹೇಳಿದ್ರೆ ಕಾಲು ಮುರೀತಾರೆ."

ಮಂಗೇಶ ಹೇಳಿದ. ಅವನು ಧೈರ್ಯಸ್ಥನಲ್ಲ, ಆದರೆ ದೀಪ ಉದ್ಘಾಟನೆಗೆ ಕಾರವಾರದಿಂದ ಮೀನುಗಾರಿಕೆಯ ಸಾಹೇಬರೊಬ್ಬರು ಬಂದು, ಶಾಲು ಹೊದಿಸಿ, ಎರಡು ಮಾತು ಆಡಿರಿ ಎಂದು ಮೈಕು ಕೊಟ್ಟಾಗ ಬೇರೆ ದಾರಿ ಇರಲಿಲ್ಲ. ಮುಂದೆ ಇಡೀ ಕೇರಿ ಕೂತಿತ್ತು. ಮೂಲೆಯಲ್ಲಿ ದುರ್ಗಪ್ಪ ಕೂತಿದ್ದ.

"ನನ್ನನ್ನು ಕ್ಷಮಿಸಿ," ಎಂದು ಮಂಗೇಶ ಶುರು ಮಾಡಿದ. "ನಾನು ಮೀನು ನೋಡುವವನಲ್ಲ. ನಾನು ನೋಡುವುದು ಬರೀ ಆಕಾಶವನ್ನು."

ಚಂಪಾ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಷ್ಟರಲ್ಲಿ ಸಾಹೇಬರು ಮೈಕು ಕಸಿದುಕೊಂಡರು.

"ಕೇಳಿದ್ರಾ? ಕೇಳಿದ್ರಾ? ಇದನ್ನೇ ನಾನು ಮೀಟಿಂಗಿನಲ್ಲಿ ಹೇಳಿ ಹೇಳಿ ಸಾಕಾಯ್ತು! ಈಗ ಮೀನನ್ನು ನೀರಿನಲ್ಲಿ ನೋಡುವ ಕಾಲ ಹೋಯ್ತು. ಆಕಾಶದಲ್ಲಿ ನೋಡುವುದು! ಉಪಗ್ರಹ! ಉಪಗ್ರಹ ಹೇಳ್ತದೆ, ಇವರು ಕೇಳ್ತಾರೆ!"

"ಉಪಗ್ರಹ ಅಲ್ಲ, ಗೆಲಾಕ್ಸಿ..." ಎಂದ ಮಂಗೇಶ.

"ಗೆಲಾಕ್ಸಿ! ಉಪಗ್ರಹದ ಹೆಸರು!" ಎಂದರು ಸಾಹೇಬರು. ಚಪ್ಪಾಳೆ ಬಿತ್ತು. ಸತ್ಯ ಹೇಳಿದವರಿಗೆ ಹಿಂದೆ ಕಷ್ಟ ಬರುತ್ತಿತ್ತಂತೆ. ನಮ್ಮ ಕಾಲದಲ್ಲಿ ಹಾರ ಬರುತ್ತದೆ, ಹಾಗಾಗಿ ತಪ್ಪಿಸಿಕೊಳ್ಳುವುದು ಇನ್ನೂ ಕಷ್ಟ. ಸಾಹೇಬರು ಗುಂಡಿ ಒತ್ತಿದರು. ಗುಡ್ಡದ ಮೇಲೆ ಹ್ಯಾಲೋಜನ್ ದೀಪ ಭಗ್ ಎಂದು ಹೊತ್ತಿತು. ಕಡಲಿನ ಅಲೆ, ದೋಣಿ, ನಾಯಿ, ಮಂಗೇಶನ ಶಾಲಿನ ಜರಿ ಎಲ್ಲವೂ ಫಳಫಳ ಹೊಳೆದವು. ಮೇಲೆ ಒಂದೇ ಒಂದು ನಕ್ಷತ್ರ ಉಳಿಯಲಿಲ್ಲ.

ಆಮೇಲೆ ನಾಲ್ಕಾರು ಸಂಜೆ ಜನ ಕಾದರು. ಮೀನು ಬರಲಿಲ್ಲ. ಕುರ್ಚಿ ಮೊದಲು ಹೋಯಿತು, ಯಾರದೋ ಮನೆಯ ಮದುವೆಗೆ ಬೇಕಾಗಿತ್ತು. ಎಳನೀರು ಆಮೇಲೆ ಹೋಯಿತು. ನಲವತ್ತು ಇಪ್ಪತ್ತಾಯಿತು, ಇಪ್ಪತ್ತು ಒಂದು ನಾಯಿಯಾಯಿತು. ಬೆಕ್ಕು ಮರಿಗಳು ಬಲೆಗೆ ಮರಳಿದವು. ದೀಪ ಮಾತ್ರ ಉರಿಯುತ್ತಲೇ ಇತ್ತು. ಅದನ್ನು ಆರಿಸಲು ಯಾರನ್ನು ಕೇಳಬೇಕೆಂದು ಬೀರಾನನ್ನು ಕೇಳಿದರೆ, "ಹಚ್ಚೂಕೆ ಆರ್ಡರ್ ಇತ್ತು. ಆರ್ಸೂಕೆ ಆರ್ಡರ್ ಬರ್ಲಿಲ್ಲ," ಅಂದ. ಮಂಗೇಶ ಆದರೂ ಬರುತ್ತಿದ್ದ. ಯಾಕೆ ಬರುತ್ತಿದ್ದನೋ, ಬಹುಶಃ ಮನೆಯಲ್ಲಿ ಕೂರುವುದು ಇನ್ನೂ ಕಷ್ಟವಾಗಿತ್ತು. ದೀಪದ ಕೆಳಗೆ ಕ್ಯಾಮರಾವನ್ನು ತೊಡೆಯ ಮೇಲಿಟ್ಟುಕೊಂಡು, ಏನೂ ಕಾಣದ ಆಕಾಶವನ್ನು ನೋಡುತ್ತ ಕೂತಿರುತ್ತಿದ್ದ.

ಒಂದು ಸಂಜೆ ದುರ್ಗಪ್ಪ ಮತ್ತೆ ಗುಡ್ಡ ಹತ್ತಿ ಬಂದ. ಪಂಚೆಯ ಮಡಿಲಿನಲ್ಲಿ ಏನೋ ಭಾರವಾಗಿತ್ತು. ಮಡಿಲು ಬಿಚ್ಚಿದ, ಕಲ್ಲುಗಳು ಉರುಳಿದವು.

"ಯಾರೂ ಇಲ್ಲಲಾ?"

"ನಾಯಿ ಇದೆ."

"ಅದು ಹೇಳೂದಿಲ್ಲ." ಮುದುಕ ಒಂದು ಕಲ್ಲು ಎತ್ತಿಕೊಂಡು ದೀಪದತ್ತ ಮುಖ ಮಾಡಿದ.

"ಅಯ್ಯೋ, ಸರ್ಕಾರಿ ಆಸ್ತಿ! ನಾನು ಸರ್ಕಾರಿ ನೌಕರ!"

"ಅದಕ್ಕೇ ನಾ ಹೊಡೀತೆ. ನೀ ಬರೀ ನೋಡು."

"ನಿಮಗೆ ಕಣ್ಣು ಕಾಣೂದಿಲ್ವಲಾ?"

"ಈಗ ನಂಗೆ ಕಾಣೂದು ಅದೊಂದೇ ಮಾರಾಯಾ," ಎಂದು ದುರ್ಗಪ್ಪ ಕಲ್ಲು ಬೀಸಿದ. ಅದು ಕಂಬಕ್ಕೆ ತಾಗಿ ಟಣ್ ಎಂದಿತು. ನಾಯಿ ಓಡಿಹೋಯಿತು. ಎರಡನೆಯದು ಸಮುದ್ರಕ್ಕೆ ಹೋಯಿತು. "ಸ್ವಲ್ಪ ಮೇಲೆ," ಎಂದು ಮಂಗೇಶನಿಂದ ತನಗರಿವಿಲ್ಲದೆ ಬಂದುಬಿಟ್ಟಿತು. "ಒಂಚೂರು ಎಡಕ್ಕೆ." ಮೂರನೆಯ ಕಲ್ಲಿಗೆ ಠಪ್ ಎಂದು ಸದ್ದಾಯಿತು, ಗಾಜು ಉದುರಿತು, ಕತ್ತಲೆ ಬಂತು. ಕೆಳಗಿನ ಕೇರಿಯಿಂದ ಬೀರಾ "ಲೈಟು ಹೋಯ್ತೇನಾ?" ಎಂದು ಕೂಗಿದ್ದು ಕೇಳಿಸಿತು. ಎರಡನೆಯ ಸಲ ಅವನು ಕೇಳಲಿಲ್ಲ.

ಮೆಲ್ಲಗೆ ನಕ್ಷತ್ರಗಳು ಬಂದವು. ಮೊದಲು ದೊಡ್ಡವು, ಆಮೇಲೆ ಸಣ್ಣವು, ಆಮೇಲೆ ತಲೆಯ ನೆತ್ತಿಯ ಮೇಲೆ ಆ ಮಬ್ಬು ಉಂಡೆ. ಮಂಗೇಶ ಹಲಗೆ ಕಟ್ಟಿದ, ಶಟರು ತೆರೆದ, ತಿರುಪು ಹಿಡಿದ. ಇನ್ನು ಅವನು ಅಲುಗುವ ಹಾಗಿರಲಿಲ್ಲ. ದುರ್ಗಪ್ಪ ಬೀಡಿ ಬಾಯಿಗಿಟ್ಟುಕೊಂಡು ಬೆಂಕಿಪೆಟ್ಟಿಗೆ ತೆಗೆದ.

"ಬೆಂಕಿ ಬೇಡ," ಅಂದ ಮಂಗೇಶ.

ಮುದುಕ ಹೊತ್ತಿಸದ ಬೀಡಿಯನ್ನು ಕಚ್ಚಿಕೊಂಡೇ ಕೂತ. ಸ್ವಲ್ಪ ಹೊತ್ತಿನ ಮೇಲೆ, "ಮಾತಾಡ್ಬಹುದಾ? ಕಣ್ಣು ಚದುರ್ತದಾ?" ಎಂದು ಕೇಳಿದ.

"ಮಾತಾಡಿ. ಎಷ್ಟು ಬೇಕಾದ್ರೂ ಮಾತಾಡಿ."

"ಮೂವತ್ತು ವರ್ಷ ಇಲ್ಲಿ ಕೂತೆ ತಮಾ. ಒಬ್ಬರೂ ಹತ್ರ ಬರ್ತಿರ್ಲಿಲ್ಲ. ಅದೇ ಕಾಯ್ದೆ. ಹಿಂಡು ಬಂತು ಅಂದ್ರೆ ಕೆಳಗಿನವರಿಗೆ ಬರೀ ಮೀನು. ಮೇಲಿಂದ ನೋಡಿದ್ರೆ ಎಂತಾ ಚಂದ ಇತ್ತು ಗೊತ್ತಿತ್ತಾ? ನೀರೊಳಗೆ ನೀರು ಸುತ್ತಿದ ಹಾಗೆ. ಒಂದು ಸಲ ಹೆಂಡ್ತಿಗೆ ತೋರ್ಸ್ಬೇಕು ಅಂತಿತ್ತು. ಕಾಯ್ದೆ ಬಿಡ್ಲಿಲ್ಲ. ಆಮೇಲೆ ಹೆಂಡ್ತಿನೇ ತೀರಿಹೋಯ್ತು." ಅವನು ಬೀಡಿಯನ್ನು ಬಾಯಿಯ ಇನ್ನೊಂದು ಬದಿಗೆ ಸರಿಸಿದ. "ನಿಂದು ಹ್ಯಾಗಿದೆ?"

"ಹಾಗೇ ಇದೆ," ಅಂದ ಮಂಗೇಶ. "ಸುತ್ತಿದ ಹಾಗೇ ಇದೆ." ಅವನ ಕೈ ತಿರುಪನ್ನು ತಿರುಗಿಸುತ್ತಲೇ ಇತ್ತು. ಇಷ್ಟು ಸುಖ ಅವನಿಗೆ ಎಂದೂ ಆಗಿರಲಿಲ್ಲ.

ರೀಲನ್ನು ತೊಳೆದ ಭರತ ಫೋನು ಮಾಡಿದ. ದೂರು ಮೇಜಿನ ಫೋನು ಆ ವಾರ ಮೊದಲ ಸಲ ಸದ್ದು ಮಾಡಿತು. "ಮಂಗೇಶಣ್ಣಾ, ಈ ಸಲ ಕಿತ್ತಳೆ ಇಲ್ಲ. ಪೂರಾ ಕಪ್ಪು. ಒಂದ್ರಲ್ಲಿ ಮಾತ್ರ ಎಂತದೋ ಕಲೆ ಇದೆ, ಅದನ್ನ ನಾನು ಒರೆಸಿ ಕೊಡ್ತೆ."

"ಒರೆಸ್ಬೇಡ!" ಎಂದು ಕಚೇರಿಯೆಲ್ಲ ಬೆಚ್ಚಿಬೀಳುವಂತೆ ಕೂಗಿದ ಮಂಗೇಶ, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದ.

ಇತ್ತು. ದೊಡ್ಡ ಕಪ್ಪಿನ ನಡುವೆ, ಉಗುರಿನಷ್ಟು, ಓರೆಯಾಗಿ. ನಡುವೆ ಹೊಳಪು, ಸುತ್ತ ಸುರುಳಿಯ ಒಂದು ಗೆರೆ. ಗೊತ್ತಿದ್ದವನಿಗೆ ಗೊತ್ತಾಗುವಷ್ಟು ಇತ್ತು.

ಸ್ಕೂಟರು ನೇರ ಹಾರವಾಡಕ್ಕೆ ಹೋಯಿತು. ದುರ್ಗಪ್ಪ ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದ. ಮಂಗೇಶ ಬಂದದ್ದು ನೋಡಿ ಅಕ್ಕಪಕ್ಕದವರೂ ಬಂದರು, ಮೀನಿನ ಸುದ್ದಿಯೋ ಏನೋ ಎಂದು. ಚಂಪಾ ಮೊದಲು ಫೋಟೊ ಕಸಿದುಕೊಂಡು ನೋಡಿದಳು.

"ಎಂತದಾ ಇದು? ಎಂತದೂ ಇಲ್ಲಲಾ!"

ಬೀರಾ ನೋಡಿದ. ಓರೆ ಹಿಡಿದ, ತಲೆಕೆಳಗೆ ಹಿಡಿದ. "ಖರೆ, ಎಂತದೂ ಇಲ್ಲ. ಲೈಟು ಹೋದ ಮೇಲೆ ಹೊಡ್ದದ್ದು ಕಾಣ್ತದೆ." ಕೈಯಿಂದ ಕೈಗೆ ಹೋಯಿತು. ಎಲ್ಲರೂ ನೋಡಿದರು, ಎಲ್ಲರೂ ಇಲ್ಲ ಅಂದರು. ಒಬ್ಬರು ನಕ್ಕರು. ಮಂಗೇಶನ ಮುಖ ಸಣ್ಣದಾಯಿತು.

"ಇಲ್ಲಿ ಕೊಡಿ," ಅಂದ ದುರ್ಗಪ್ಪ.

"ನಿಮಗೆಂತಾ ಕಾಣ್ತದೆ ಮಾವಾ?" ಎಂದಳು ಚಂಪಾ.

"ಕೊಡು ಅಂದೆ."

ಮುದುಕ ಫೋಟೊವನ್ನು ಮೊಣಕಾಲ ಮೇಲಿಟ್ಟುಕೊಂಡ. ಮೂಗು ತಾಗುವಷ್ಟು ಬಗ್ಗಿದ. ಮಂಗೇಶ ಅವನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಫೋಟೊದ ಅಂಚು ಹಿಡಿದುಕೊಂಡ. ದುರ್ಗಪ್ಪ ಬಹಳ ಹೊತ್ತು ನೋಡಿದ, ಆಮೇಲೆ ತಲೆಯೆತ್ತಿ, ಹಿಂದೆ ಗುಡ್ಡದ ಮೇಲಿನಿಂದ ಊರಿಗೆ ಹೇಳುತ್ತಿದ್ದನಲ್ಲ ಅದೇ ಗತ್ತಿನಲ್ಲಿ, "ಇದೆ," ಅಂದ. "ಹೌದು. ಇಲ್ಲೇ ಇದೆ." ಅವನ ತೋರುಬೆರಳು ಕೆಳಗಿಳಿದು ಒಂದು ಕಡೆ ಗಟ್ಟಿಯಾಗಿ ಊರಿತು. ಅದು ಬಲಗಡೆಯ ಮೂಲೆ, ಬರೀ ಕಪ್ಪು. ಅಲ್ಲಿ ಒಂದು ನಕ್ಷತ್ರವೂ ಇರಲಿಲ್ಲ.

ಎಲ್ಲರೂ ಮಂಗೇಶನ ಮುಖ ನೋಡಿದರು. ಮಂಗೇಶ ಆ ಬೆರಳನ್ನು ಮುಟ್ಟಲಿಲ್ಲ. ಫೋಟೊದ ಅಂಚನ್ನು ಹಿಡಿದು, ಮುದುಕನಿಗೆ ಗೊತ್ತಾಗದ ಹಾಗೆ, ಗೆಲಾಕ್ಸಿ ಬಂದು ಬೆರಳಿನ ತುದಿಗೆ ನಿಲ್ಲುವತನಕ ಮೆಲ್ಲಗೆ ಎಳೆದ.

"ಹೌದು," ಅಂದ. "ಅಲ್ಲೇ."